ಹೊಗೆ ಓದುತ್ತಿದ್ದ ಮಿಸ್ತ್ರಿ

ನಿಜಾಮರ ಕಾಲ. ಶಹಾಬಾದಿನ ನಮ್ಮ ಕಲ್ಲುಗಣಿಯಲ್ಲಿ ಒರತೆ ನೀರೆತ್ತಲು ಹಳೆಯ ಹಡಗಿನ ಡೀಸೆಲ್ ಎಂಜಿನ್ ತಂದಿದ್ದರು. ಅದರ ಮಿಸ್ತ್ರಿ ಯಂತ್ರಕ್ಕಿಂತ ಹೊಗೆಯನ್ನೇ ಹೆಚ್ಚು ನೋಡುತ್ತಿದ್ದರು. “ಹೊಗಿ ಸುಳ್ಳು ಹೇಳಂಗಿಲ್ಲ” ಎನ್ನುವುದು ಅವರ ಮಾತು. ಕಪ್ಪು ಬಂದರೆ ಗಾಳಿ ಸಾಲದು, ನೀಲಿ ಬಂದರೆ ಒಳಗಿನ ಎಣ್ಣೆ ಉರಿಯುತ್ತಿದೆ ಎನ್ನುತ್ತಿದ್ದರು.

ಒಂದು ಮಳೆಗಾಲದ ಮಧ್ಯಾಹ್ನ ಹೊಗೆ ಬೆಳ್ಳಗಾಯಿತು. ಮಿಸ್ತ್ರಿ ಅದಕ್ಕೆ ಅಂಗೈ ಒಡ್ಡಿ, ಮೂಸಿ ನೋಡಿ, ಗಣಿಯೊಳಗಿದ್ದ ನಮ್ಮನ್ನು ಕೂಗಿದರು: “ಎಲ್ಲಾರೂ ಮ್ಯಾಲ ಬರ್ರಿ! ಎಂಜಿನ್ ಹೊಟ್ಟ್ಯಾಗ ನೀರು ಹೊಕ್ಕದ!”

“ಚಲೋ ನಡಿಲಿಕತ್ತದಲ್ರಿ, ಕೆಲಸ ಯಾಕ ನಿಲ್ಲಸ್ತೀರಿ?” ಎಂದು ಕೂಲಿಗಳ ಮೇಲ್ವಿಚಾರಕನಾದ ಮುಕಾದಮ ಗದರಿದ.

ಮಿಸ್ತ್ರಿ ಒದ್ದೆ ಅಂಗೈ ತೋರಿಸಿದರು. ನಾವು ಹತ್ತಿ ಬಂದೆವು. ಕೊನೆಯವನಾದ ನಾನು ಮೇಲೆ ಕಾಲಿಡುವಾಗ ಎಂಜಿನ್ ಢಂ ಎಂದು ನಿಂತಿತು. ಎತ್ತುವ ಯಂತ್ರವಿಲ್ಲದೆ ಒರತೆ ನೀರು ಏರಿ, ನೋಡನೋಡುತ್ತ ನಾನು ಕಲ್ಲು ಸೀಳುತ್ತಿದ್ದ ಜಾಗ ನೀರಿನಡಿ ಹೋಯಿತು. ಎಲ್ಲರೂ ಮಿಸ್ತ್ರಿಗೆ ಕೈಮುಗಿದೆವು. ಅವರು ಆಗಲೇ ಎಂಜಿನ್ ಬಿಚ್ಚಲು ಕುಳಿತಿದ್ದರು.