ಒಂದೇ ಸಾಲಿನಲ್ಲಿ ಪೊಲೀಸರು

ಚಾಮರಾಜಪೇಟೆಯ ಪೊಲೀಸ್ ಕ್ವಾರ್ಟರ್ಸಿನಲ್ಲಿ ತಿಮ್ಮಕ್ಕ ನಕ್ಕರೆ ನಾಲ್ಕು ಮನೆ ಆಚೆಗೂ ಕೇಳುತ್ತಿತ್ತು. ಲಾಲ್‌ಬಾಗಿನಲ್ಲಿ ಕಳೆ ಕಿತ್ತು ಪಾತಿ ಮಾಡುವ ಕೆಲಸ ಅವಳದು. ಗಂಡ ಲಕ್ಷ್ಮಯ್ಯ ಪೊಲೀಸ್ ಜೀಪಿನ ಡ್ರೈವರ್. ಸವರಿ ಬಿಸಾಕಿದ ಗುಲಾಬಿ ಕಡ್ಡಿ, ದಾಸವಾಳದ ಕಡ್ಡಿಗಳನ್ನು ಅವಳು ಸಂಜೆ ಸೆರಗಿನಲ್ಲಿ ಕಟ್ಟಿಕೊಂಡು ಬರುವಳು. ಅವನು ಹಳೇ ತಗಡಿನ ಡಬ್ಬಗಳಿಗೆ ಮೊಳೆ ಹೊಡೆದು ತೂತು ಮಾಡಿ ಕೊಡುವನು. ಅವರ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಜಾಗ ಇರುತ್ತಿರಲಿಲ್ಲ, ಎಲ್ಲ ಗಿಡಗಳೇ.

ಎಪ್ಪತ್ಮೂರರ ಬೇಸಿಗೆಯಲ್ಲಿ ಒಂದು ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸಿಕ್ಕಿಕೊಂಡಿದ್ದ ಹಮಾಲಿಗಳನ್ನು ಹೊರಗೆ ತರಲು ಇನ್ಸ್‌ಪೆಕ್ಟರ್ ಶಂಭುಲಿಂಗಪ್ಪನವರು ನುಗ್ಗಿದರು. ಅವರ ಹಿಂದೆಯೇ ಲಕ್ಷ್ಮಯ್ಯನೂ ಜೀಪು ಬಿಟ್ಟು ಓಡಿದ. ಹಮಾಲಿಗಳೆಲ್ಲ ಬದುಕಿ ಉಳಿದರು. ಸೂರು ಕುಸಿದು ಇವರಿಬ್ಬರೂ ಒಳಗೇ ಉಳಿದುಬಿಟ್ಟರು.

ಇಬ್ಬರನ್ನೂ ಮೈಸೂರು ರಸ್ತೆ ಕಡೆಯ ರುದ್ರಭೂಮಿಯಲ್ಲಿ, ಜಾಗ ಸಿಕ್ಕ ಕಡೆ ಅಕ್ಕಪಕ್ಕದಲ್ಲೇ ಮಣ್ಣು ಮಾಡಿದರು. ವರ್ಷಗಳು ಕಳೆದಂತೆ ಲಂಟಾನ ಬೆಳೆಯಿತು, ಮಳೆಗೆ ಗುರುತಿನ ಕಲ್ಲುಗಳು ಹೂತುಹೋದವು. ಒಂದು ವರ್ಷ ಹೂವು, ಊದುಬತ್ತಿ ಹಿಡಿದು ಹೋದ ತಿಮ್ಮಕ್ಕನಿಗೆ ಗಂಡನ ಗೋರಿ ಎಲ್ಲೆಂದೇ ತಿಳಿಯಲಿಲ್ಲ. ಅವಳಂಥವಳೂ ಅಂದು ದಾರಿಯುದ್ದಕ್ಕೂ ಅತ್ತುಕೊಂಡೇ ಮನೆಗೆ ಬಂದಳು.

ಎಂಬತ್ತೊಂದರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ರಿಟೈರಾದ ಕೆಲವು ಪೊಲೀಸ್ ಅಧಿಕಾರಿಗಳು ಸೇರಿ ಸ್ಮಾರಕ ಸಮಿತಿ ಮಾಡಿಕೊಂಡಿದ್ದರು. ರುದ್ರಭೂಮಿಯ ಪಕ್ಕದ ಪಾಳು ಜಾಗ ಅವರಿಗೆ ಸಿಕ್ಕಿತ್ತು. ಇನ್ನು ಮುಂದೆ ಕೆಲಸದ ಮೇಲೆ ಪ್ರಾಣ ಬಿಟ್ಟ ಪೊಲೀಸರಿಗೆ ಅಲ್ಲೇ ಮಣ್ಣು. ಹಿಂದೆ ಹೋದವರ ಗೋರಿಯಿಂದ ಒಂದೊಂದು ಹಿಡಿ ಮಣ್ಣು ತಂದು, ಹೆಸರು ಕೆತ್ತಿದ ಕಲ್ಲು ನಿಲ್ಲಿಸುವುದು. ಸಮಿತಿಯ ಅಧ್ಯಕ್ಷರು ದೊಡ್ಡಬೈರಪ್ಪನವರು. ಎತ್ತರದ ಆಳು, ಕಂಚಿನ ಕಂಠ. ಗಿಡ ನೆಡಲು ಅವರು ತಿಮ್ಮಕ್ಕನನ್ನೇ ಕರೆಸಿದರು.

ನೆಲದ ಮೇಲೆ ಎಳೆದಿದ್ದ ಸುಣ್ಣದ ಗೆರೆಯನ್ನು ಅವರು ತೋರಿಸಿದರು.

"ನೋಡಮ್ಮ, ಇಲ್ಲಿ ಮುಂದುಗಡೆ ಆಫೀಸರ್‌ಗಳ ಕಲ್ಲು ಬರುತ್ತೆ. ಸುತ್ತ ಗುಲಾಬಿ ಹಾಕು. ಕಾನ್‌ಸ್ಟೇಬಲ್‌ಗಳು, ಡ್ರೈವರ್‌ಗಳದ್ದು ಹಿಂದೆ, ಆ ಮೋರಿ ಪಕ್ಕದಲ್ಲಿ. ಅಲ್ಲಿ ಏನಾದ್ರೂ ಬೇಲಿ ಗಿಡ ಸಾಕು."

ತಿಮ್ಮಕ್ಕ ಮೋರಿಯನ್ನು ನೋಡಿದಳು. "ಆಗ್ಲಿ ಸ್ವಾಮಿ" ಅಂದಳು. ಆದರೆ ಗಿಡ ನೆಡಲು ನಿಲ್ಲಲಿಲ್ಲ. ನೇರ ಬಸ್ ಹತ್ತಿ ತ್ಯಾಗರಾಜನಗರದಲ್ಲಿ ಇಳಿದಳು. ಶಂಭುಲಿಂಗಪ್ಪನವರ ಹೆಂಡತಿ ಮಹಾನಂದಮ್ಮ ಅಲ್ಲಿದ್ದರು. ಹುಬ್ಬಳ್ಳಿ ಕಡೆಯವರು, ಸ್ಕೂಲಿನಲ್ಲಿ ಟೀಚರ್. ಅವರ ಅಂಗಳದ ಗುಲಾಬಿಯೆಲ್ಲ ತಿಮ್ಮಕ್ಕ ಕೊಟ್ಟ ಕಡ್ಡಿಗಳೇ.

"ಅಮ್ಮಾವ್ರೇ, ನಿಮ್ಮ ಯಜಮಾನ್ರಿಗೆ ಗುಲಾಬಿ, ನಮ್ಮೋರಿಗೆ ಮೋರಿ ಅಂತೆ" ಎಂದು ನಡೆದದ್ದನ್ನೆಲ್ಲ ಹೇಳಿದಳು. ನಗಬೇಕೆಂದೇ ಶುರು ಮಾಡಿದವಳಿಗೆ ನಗು ಬರಲಿಲ್ಲ.

ಮಹಾನಂದಮ್ಮ ಕನ್ನಡಕ ತೆಗೆದಿಟ್ಟರು. "ನಡಿ ತಿಮ್ಮಕ್ಕ, ಅವರ ಮನಿಗೇ ಹೋಗೂಣು."

ದೊಡ್ಡಬೈರಪ್ಪನವರ ಮನೆ ಎನ್.ಆರ್. ಕಾಲೋನಿಯಲ್ಲಿ. ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದವರು ಇಬ್ಬರು ಹೆಂಗಸರನ್ನು ನೋಡಿ ಎದ್ದು ನಿಂತರು. ವಿಷಯ ಕೇಳಿ, "ಇಲಾಖೆ ಅಂದ್ಮೇಲೆ ಒಂದು ಶಿಸ್ತು ಇರುತ್ತಲ್ಲಮ್ಮ. ಪೆರೇಡಲ್ಲೂ ಹಾಗೇ ಅಲ್ವಾ ನಿಲ್ಲೋದು?" ಅಂದರು.

"ಸರ್, ನಮ್ಮ ಮನಿಯವರ ಜೀಪು ನೀವು ನೋಡಿರೇನು?" ಮಹಾನಂದಮ್ಮ ಕೇಳಿದರು.

"ನೋಡದೆ ಏನು? ದಿನಕ್ಕೆ ನಾಲ್ಕು ಸಲ ನಿಲ್ತಿತ್ತು ಆ ಡಕೋಟಾ."

"ಹೌದಲ್ಲ? ನಿಂತಾಗೆಲ್ಲ ಲಕ್ಷ್ಮಯ್ಯ ಸ್ಟೇರಿಂಗ್ ಹಿಡಕೊಂಡು ಮುಂದ ಕೂಡ್ತಿದ್ದ. ನಮ್ಮ ಮನಿಯವರು ಇಳಿದು ಹಿಂದಿನಿಂದ ನೂಕ್ತಿದ್ರು. ಸರ್ಕಲ್ ನಡುವ, ಟೋಪಿ ಹಾಕ್ಕೊಂಡ. ಹಂಗಾದ್ರ ಮುಂದ ಯಾರನ್ನ ಇಡ್ತೀರಿ, ಹಿಂದ ಯಾರನ್ನ?"

ತಿಮ್ಮಕ್ಕನಿಗೆ ತಡೆಯಲಾಗಲಿಲ್ಲ. "ನೂಕೋವಾಗ ಸಾಹೇಬ್ರು ಬಯ್ಯೋರು ಸ್ವಾಮಿ, 'ಲೇ ಲಕ್ಷ್ಮಯ್ಯ, ಬ್ರೇಕ್ ತೆಗೆಯೋ' ಅಂತ. ನಮ್ಮೋರು ಬ್ರೇಕ್ ತೆಗೆಯೋದು ಮರ್ತೇ ಬಿಟ್ಟಿರೋರು!" ಎಂದು ಬಿದ್ದು ಬಿದ್ದು ನಕ್ಕಳು. ಆ ನಗು ಜಗಲಿ ದಾಟಿ ರಸ್ತೆಗೆ ಹೋಯಿತು. ಮಹಾನಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ದೊಡ್ಡಬೈರಪ್ಪನವರ ಲೋಟದ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಕಣ್ಣು ಒರೆಸಿಕೊಂಡು ಅವರೆಂದರು, "ಆಯ್ತು ತಾಯಂದಿರಾ, ನಾನೇ ನಿಂತು ಗೆರೆ ಅಳಿಸ್ತೀನಿ. ಯಾರು ಯಾವಾಗ ಹೋದರೋ ಅದೇ ಕ್ರಮದಲ್ಲಿ ಒಂದೇ ಸಾಲು. ಸಮಿತಿಯವರನ್ನ ನಾನು ನೋಡ್ಕೋತೀನಿ."

ಹಿಡಿ ಮಣ್ಣು ತರುವ ದಿನ ಇಬ್ಬರೂ ಲಂಟಾನ ಸರಿಸುತ್ತ ಹಳೆಯ ಜಾಗವನ್ನು ಹುಡುಕಿದರು. ಮಣ್ಣು ಮಾಡಿದ ದಿನ ಹತ್ತಿರದಲ್ಲಿ ನೋಡಿದ್ದ ಬೇವಿನ ಮರ ಕೊನೆಗೂ ಸಿಕ್ಕಿತು, ಅದರ ಬುಡದಲ್ಲಿ ತಿಮ್ಮಕ್ಕ ಕುಕ್ಕರಗಾಲಲ್ಲಿ ಕೂತಳು. "ಇಲ್ಲೇ ಇರ್ಬೇಕು ಅಮ್ಮಾವ್ರೇ. ಆದ್ರೆ ಯಾರದು ಯಾವ ಕಡೆ ಅಂತ ಗೊತ್ತಾಗ್ತಿಲ್ಲ."

"ಇರಲಿ ತಗೋ. ಲಕ್ಷ್ಮಯ್ಯನ ಮಣ್ಣು ನಮ್ಮ ಮನಿಯವರ ಕಲ್ಲಿಗೆ, ಅವರದು ಅವನ ಕಲ್ಲಿಗೆ ಹೋದ್ರ ಇಬ್ರೂ ಬ್ಯಾಸರ ಮಾಡ್ಕೊಳ್ಳೂದಿಲ್ಲ."

ತಿಮ್ಮಕ್ಕ ಮಣ್ಣನ್ನು ಹಣೆಗೆ ಒತ್ತಿಕೊಂಡಳು. ಎದೆ ಮೇಲಿನ ಚಪ್ಪಡಿ ಸರಿದಂತೆ ಹಗುರವಾಯಿತು.

ಅಕ್ಟೋಬರಿನಲ್ಲಿ, ಪೊಲೀಸ್ ಹುತಾತ್ಮರ ದಿನದಂದು, ಸ್ಮಾರಕ ತೆರೆಯಿತು. ಬ್ಯಾಂಡ್ ನುಡಿಸಿತು, ಬಂದೂಕು ಹಾರಿಸಿದ ಸದ್ದಿಗೆ ಮರದ ಕಾಗೆಗಳೆಲ್ಲ ಎದ್ದವು. ಶಂಭುಲಿಂಗಪ್ಪ, ಲಕ್ಷ್ಮಯ್ಯ ಎಂಬ ಹೆಸರುಗಳು ಒತ್ತೊತ್ತಾಗಿ ನಿಂತ ಎರಡು ಕಲ್ಲುಗಳ ಮೇಲೆ ಬಿಸಿಲಿಗೆ ಹೊಳೆದವು. ಎಲ್ಲ ಕಲ್ಲುಗಳ ಬುಡಕ್ಕೂ ಗುಲಾಬಿ. ಬೇಲಿಯುದ್ದಕ್ಕೂ ಕನಕಾಂಬರ.

ಆ ರಸ್ತೆಯಲ್ಲಿ ಮೊದಲು ಜನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಈಗ ಸಂಜೆ ವಾಕಿಂಗಿಗೆ ಬರತೊಡಗಿದರು. ಲಾಲ್‌ಬಾಗಿನ ಕೆಲಸ ಮುಗಿಸಿ ತಿಮ್ಮಕ್ಕ ದಿನಾ ಬಂದು ನೀರು ಹಾಕುತ್ತಿದ್ದಳು. ಒಂದು ರಜೆಯ ದಿನ ಬೆಳಿಗ್ಗೆಯೇ ಬಂದಾಗ, ಹಿತ್ತಾಳೆಯ ಬುಟ್ಟಿ ಹಿಡಿದ ವೃದ್ಧರೊಬ್ಬರು ರಸ್ತೆಯಿಂದಲೇ ಬೇಲಿಯೊಳಕ್ಕೆ ಕೈ ಹಾಕಿ ಕನಕಾಂಬರ ಬಿಡಿಸುತ್ತಿದ್ದರು. ಬ್ಯಾಂಕಿನಿಂದ ರಿಟೈರಾದ ದೊರೆಸ್ವಾಮಿಗಳು.

"ಸ್ವಾಮಿ, ಸ್ಮಶಾನದ ಹೂವು ದೇವರಿಗಾ?" ಎಂದು ಗದರಿದಳು.

ಅವರು ಬೆಚ್ಚಿ ಬುಟ್ಟಿಯನ್ನು ಬೆನ್ನ ಹಿಂದೆ ಮರೆಮಾಡಿದರು. "ಬೇಲಿಯಿಂದ ಹೊರಗಡೆದು ತಾಯಿ, ಎಲ್ಲಾ ಬೇಲಿಯಿಂದ ಹೊರಗಡೆದು!"

ತಿಮ್ಮಕ್ಕನ ನಗು ಮತ್ತೆ ತಡೆಯುವವರಿಲ್ಲದೆ ಹೊರಟಿತು. ಮರುದಿನವೇ ಅವಳು ಬೇಲಿಯ ಆಚೆ ರಸ್ತೆಯ ಬದಿಗೂ ಒಂದು ಸಾಲು ಪಾತಿ ಮಾಡಿ ಕನಕಾಂಬರದ ಸಸಿ ಇಟ್ಟಳು.