ಸುತ್ತು ಹಾಕಿ ಬಂದ ಹಾಲು

ಹಾಲಿಗೆ ನೊರೆ ಬರಿಸುವ ಮಿಷನ್ ಕೊಳ್ಳಬೇಕೆಂದು ಮಗಳು ಮೂರು ದಿನ ಮೊಬೈಲ್ ಹಿಡಿದು ಕೂತಿದ್ದಳು. ಜಗ್ಗಿನ ಥರದ್ದು ಬೇಕೋ, ಕೈಯಲ್ಲಿ ಹಿಡಿಯುವ ಕಡ್ಡಿಯಂಥದ್ದು ಸಾಕೋ ಎಂದು ನನ್ನ ತಲೆ ತಿಂದಳು. ಕಡ್ಡಿಯದೇ ತಗೋ, ಪಾತ್ರೆ ಎತ್ತರದ್ದಿರಲಿ, ಅರ್ಧಕ್ಕಿಂತ ಹೆಚ್ಚು ಹಾಲು ಹಾಕಬೇಡ, ಕೆನೆಯನ್ನು ಮೊದಲೇ ತೆಗೆದುಬಿಡು ಎಂದೆ. ಫಿಲ್ಟರ್ ಕಾಫಿಯ ಆಚೆಗೆ ಏನೂ ತಿಳಿಯದ ಅಮ್ಮನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಅವಳು ನಕ್ಕಳು. ಮಿಷನ್ ಬಂತು. ಉಗುರುಬೆಚ್ಚಗಿನ ಹಾಲಲ್ಲಿ ಅದನ್ನು ಗಿರ್ರೆನ್ನಿಸಿದಾಗ ಒಂದು ವಾಸನೆ ಎದ್ದಿತು... ಕುದ್ದ ಹಾಲಿನದಲ್ಲ, ಹಸಿ ಹಾಲಿನದೂ ಅಲ್ಲ, ಎರಡರ ನಡುವಿನ ಸಪ್ಪೆ ಸಿಹಿ ವಾಸನೆ. ನಾನು ಅಡುಗೆಮನೆ ಬಿಟ್ಟು ಹೊರಗೆ ಬಂದು ಕೂತೆ.

ಆ ವಾಸನೆ ನನಗೆ ಪರಿಚಯವಾದದ್ದು ಹರಿಹರದಲ್ಲಿ, ತೊಂಬತ್ತೆಂಟರ ಸುಮಾರಿಗೆ, ಮನೆ ಮಾಲೀಕರ ಹೆಂಡತಿಯ ಅಡುಗೆಮನೆಯಲ್ಲಿ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಆಗ ನನಗೆ ಇಪ್ಪತ್ತಮೂರು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಸಂಜೆ ವಾಪಸು. ಅಕ್ಕನ ಮನೆಯ ಹಿಂಭಾಗದ ಒಂಟಿ ಕೋಣೆ ನನ್ನದು, ಹಿತ್ತಲು ಮತ್ತು ಬಚ್ಚಲು ಇಬ್ಬರಿಗೂ ಒಂದೇ. ಕೋಣೆ ಕೊಡುವಾಗ ಅವರು ಹಾಕಿದ ಷರತ್ತೂ ಒಂದೇ, ಮೊಟ್ಟೆ ಹೊಸ್ತಿಲು ದಾಟಬಾರದು. ಅಕ್ಕನಿಗೆ ಮಕ್ಕಳಿರಲಿಲ್ಲ. ನಾನು ಬಂದ ತಿಂಗಳೊಳಗೆ ನನ್ನ ಊಟದ ಡಬ್ಬಿಯನ್ನೂ ಅವರೇ ಕಟ್ಟತೊಡಗಿದ್ದರು.

ಅವರ ಯಜಮಾನರು ಊರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮಾತು ಕಡಿಮೆ. ಸ್ನಾನ, ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕಿದವರಲ್ಲ. ಆ ವರ್ಷ ಹೊಟ್ಟೆನೋವು ಎಂದು ಶುರುವಾದದ್ದು ದೊಡ್ಡ ರೋಗ ಎಂದು ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ನಮ್ಮ ದವಾಖಾನೆಯ ಡಾಕ್ಟರೇ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು, ಮನೆಗೆ ಕರೆದುಕೊಂಡು ಹೋಗಿ, ಏನು ಸೇರುತ್ತದೋ ಅದನ್ನು ಕೊಡಿ ಎಂದರು. ಆದರೆ ಯಜಮಾನರಿಗೆ ಏನೂ ಸೇರುತ್ತಿರಲಿಲ್ಲ. ಗಂಜಿ, ಅಂಬಲಿ, ಎಳನೀರು, ಎಲ್ಲಕ್ಕೂ ತಲೆ ಅಲ್ಲಾಡಿಸುತ್ತಿದ್ದರು. ಒಂದು ದಿನ ಮಾತ್ರ ತಾವಾಗಿ ಬಾಯಿಬಿಟ್ಟು ಕೇಳಿದರು.

"ನೊರೆಹಾಲು ಸಿಗತೈತೇನು? ನಮ್ಮವ್ವ ಕೊಡ್ತಿದ್ಲು, ಆಕಳ ಹತ್ರಾನೇ ನಿಂದ್ರಿಸಿ."

ಕೆಚ್ಚಲಿಂದ ಆಗಷ್ಟೇ ಕರೆದ, ಒಲೆ ಕಾಣದ, ನೊರೆ ಇನ್ನೂ ಇಳಿಯದ ಹಾಲು. ಅದನ್ನು ಕುಡಿದರೆ ಮೈಗೆ ಕಸುವು ಬರುತ್ತದೆ ಎಂದು ನಮ್ಮ ಕಡೆಯವರು ಈಗಲೂ ನಂಬುತ್ತಾರೆ. ಡಾಕ್ಟರನ್ನು ಕೇಳಿದರೆ, ಹಸಿ ಹಾಲು ಒಂದು ಗುಟುಕೂ ಹೋಗಬಾರದು, ಕಾಸಿದ್ದನ್ನೇ ಕೊಡಿ ಎಂದುಬಿಟ್ಟರು. ಗಂಡನನ್ನು ಉಳಿಸಿಕೊಳ್ಳುವುದು ತನ್ನ ಕೈಲಿಲ್ಲ ಎಂಬುದು ಅಕ್ಕನಿಗೆ ಅಷ್ಟೊತ್ತಿಗೆ ಅರ್ಥವಾಗಿತ್ತು. ಇರುವಷ್ಟು ದಿನ ತನ್ನ ಕೈಯಿಂದ ಅವರ ಹೊಟ್ಟೆಗೆ ಏನಾದರೂ ಹೋಗಲಿ, ಅಷ್ಟು ಸಾಕಾಗಿತ್ತು ಅಕ್ಕನಿಗೆ. ಅದಕ್ಕಾಗಿ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಗಂಡನಿಗೆ ಮೋಸ ಮಾಡಲು ತಯಾರಾದರು.

ಪ್ಯಾಕೆಟ್ ಹಾಲನ್ನು ಕಾಸಿ, ಆರಿಸಿ, ಕಡಗೋಲಿನಲ್ಲಿ ಕಡೆದು ನೋಡಿದರು. ದೊಡ್ಡ ದೊಡ್ಡ ಗುಳ್ಳೆ ಎದ್ದವು, ಮಂಚದ ತನಕ ಒಯ್ಯುವಷ್ಟರಲ್ಲಿ ಒಡೆದೂ ಹೋದವು. ಮೇಲಾಗಿ ಅಡುಗೆಮನೆಯಿಂದ ಬಂದ ಹಾಲು ಆಕಳ ಹಾಲು ಹೇಗಾದೀತು? ಯಜಮಾನರು ಲೋಟದೊಳಗೆ ಇಣುಕಿ ನೋಡಿ ಗೋಡೆಯ ಕಡೆ ಮಗ್ಗುಲಾದರು. ಹಾಲು ಬೀದಿ ಬಾಗಿಲಿಂದ ಬರಬೇಕು ಎಂದು ಅಕ್ಕ ಆಗ ನಿರ್ಧರಿಸಿದರು. ಹಿತ್ತಲ ಬಾಗಿಲಿಂದ ಹೊರಟು, ಮನೆ ಪಕ್ಕದ ಸಂದಿಯಲ್ಲಿ ಸುತ್ತು ಹಾಕಿ, ಬೀದಿಗೆ ಇಳಿದು, ಮುಂಬಾಗಿಲಿಂದ ಒಳಗೆ ಬರುವ ತನಕ ನೊರೆ ನಿಲ್ಲಬೇಕು. ಅಂಥ ಮಿಷನ್ ಏನಾದರೂ ಸಿಗುತ್ತದೆಯೇ ದಾವಣಗೆರೆಯಲ್ಲಿ ನೋಡು ಎಂದು ನನಗೆ ಹೇಳಿದರು.

ನಾನು ನಾಲ್ಕು ಅಂಗಡಿ ತಿರುಗಿದೆ. ಮಿಕ್ಸಿಯ ಸದ್ದಿಗೆ ಓಣಿಯೇ ಎದ್ದು ಕೂರುತ್ತಿತ್ತು, ಅದು ಆಗದು. ಮಜ್ಜಿಗೆ ಕಡೆಯುವ ಕರೆಂಟಿನ ಮಿಷನ್ ಕೊಡದ ತುಂಬ ಮೊಸರಿಗೆಂದು ಮಾಡಿದ್ದು, ಒಂದು ಲೋಟ ಹಾಲು ಅದರ ಕಾಲಿಗೂ ತಾಗದು. ಕೊನೆಗೆ ಟಾರ್ಚು, ಗಡಿಯಾರ ಮಾರುವ ಒಂದು ಅಂಗಡಿಯವನು ಗಾಜಿನ ಕಪಾಟಿನಿಂದ ಸಣ್ಣ ಡಬ್ಬಿ ತೆಗೆದ. ಎರಡು ಸೆಲ್ಲು ಹಾಕುವ ಹಿಡಿ, ತುದಿಯಲ್ಲಿ ಸ್ಪ್ರಿಂಗ್ ಸುತ್ತಿದ ಕಡ್ಡಿ. "ಕರೆಂಟ್ ಹೋದ್ರೂ ತಿರುಗತೈತ್ರಿ ಮೇಡಂ" ಅಂದ. ದಿನಕ್ಕೆ ಮೂರು ಹೊತ್ತು ಕರೆಂಟ್ ಹೋಗುತ್ತಿದ್ದ ಕಾಲ, ನನಗೆ ಅದಕ್ಕಿಂತ ಬೇರೆ ಏನೂ ಕೇಳಬೇಕಿರಲಿಲ್ಲ. ಡಬ್ಬಿಯ ಒಂದು ಬದಿಗೆ ನೊರೆ ತುಂಬಿದ ಕಾಫಿ ಕಪ್ಪು, ಇನ್ನೊಂದು ಬದಿಗೆ, ಮೊಟ್ಟೆಯನ್ನೂ ಕಡೆಯಬಹುದು ಎಂದು ತೋರಿಸಲು, ಒಡೆದ ಎರಡು ಮೊಟ್ಟೆಗಳ ಚಿತ್ರ. ಮೊಟ್ಟೆ ಕಣ್ಣಿಗೆ ಬಿದ್ದರೂ ನನ್ನ ತಲೆಗೆ ಹೋಗಲಿಲ್ಲ.

ಅಕ್ಕ ಡಬ್ಬಿ ತಿರುಗಿಸಿದವರೇ ನೆಲದ ಮೇಲೆ ಇಟ್ಟುಬಿಟ್ಟರು. "ಇದೇನು ತಂದಿ ತಂಗಿ?"

"ಹೊಸಾದು ಅಕ್ಕ. ಚಿತ್ರ ಅಷ್ಟೇರಿ, ಇದಕ್ಕೆ ಯಾವ ಮೊಟ್ಟೀನೂ ತಾಗಿಲ್ಲ" ಅಂದೆ.

ಒಳಗಿನಿಂದ ಯಜಮಾನರು ನರಳಿದ್ದು ಕೇಳಿಸಿತು. ಅಕ್ಕ ಎದ್ದು, ಕಡ್ಡಿಗೆ ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದರು, ವಿಭೂತಿ ಕದಡಿದ ನೀರಲ್ಲಿ ಅದ್ದಿ ತೆಗೆದರು. ಡಬ್ಬಿಯನ್ನು ಹಿತ್ತಲಲ್ಲಿ ಹಂಡೆ ಒಲೆಗೆಂದು ಒಟ್ಟಿದ್ದ ಪುರಲೆ ಕಟ್ಟಿಗೆಯ ಕೆಳಗೆ ತುರುಕಿದರು. "ನಾಳೆ ನೀರು ಕಾಸುವಾಗ ಸುಟ್ಟುಬಿಡ್ತೀನಿ. ಅವರ ಕಣ್ಣಿಗೆ ಮಾತ್ರ ಬೀಳಬಾರದು" ಎಂದರು. ಮರುದಿನ ನೂರು ಕೆಲಸದ ನಡುವೆ ಮರೆತರು.

ಮಿಷನ್ ಬಳಸಲು ಕಲಿಯುವುದಕ್ಕೆ ನಮಗೆ ಮೂರು ದಿನ ಹಿಡಿಯಿತು. ಮೊದಲ ದಿನ ಲೋಟದ ತುಂಬ ಹಾಲು ಹಾಕಿ ಗೋಡೆಗೆಲ್ಲ ಎರಚಿಕೊಂಡೆವು. ಎರಡನೆಯ ದಿನ ಕೆನೆ ತೆಗೆಯದೆ ತಿರುಗಿಸಿದ್ದಕ್ಕೆ ಹಾಲಿನ ಮೇಲೆ ಬೆಣ್ಣೆಯ ಚೂರು ತೇಲಿದವು, ನೊರೆಯೇ ನಿಲ್ಲಲಿಲ್ಲ. ಆಮೇಲೆ ಹದ ಸಿಕ್ಕಿತು. ಕೆನೆ ತೆಗೆದ ಹಾಲನ್ನು ಮಣಿಕಟ್ಟಿನ ಮೇಲೆ ತೊಟ್ಟು ಬಿಟ್ಟು ನೋಡಿ ಉಗುರುಬೆಚ್ಚಗೆ ಇಳಿಸುವುದು, ಎತ್ತರದ ತಂಬಿಗೆಯಲ್ಲಿ ಅರ್ಧ ಮಾತ್ರ ಹಾಕುವುದು, ಕಡ್ಡಿಯನ್ನು ಮೊದಲು ಮೇಲ್ಮೈಯಲ್ಲಿ ಹಿಡಿದು ಆಮೇಲೆ ಮೆಲ್ಲಗೆ ಇಳಿಸುವುದು. ಸದ್ದು ಕೇಳಬಾರದೆಂದು ಬಚ್ಚಲಲ್ಲಿ ನಲ್ಲಿ ಬಿಟ್ಟು ಅಲ್ಲೇ ತಿರುಗಿಸುತ್ತಿದ್ದೆವು. ಅಕ್ಕ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಂದಿಯಲ್ಲಿ ಓಡುನಡಿಗೆಯಲ್ಲಿ ಹೋಗುತ್ತಿದ್ದರು. ನಾನು ಹಿತ್ತಲಲ್ಲಿ ಕಿವಿಗೊಟ್ಟು ನಿಂತಿರುತ್ತಿದ್ದೆ. ಆಮೇಲೆ ಮುಂಬಾಗಿಲ ಕಡೆಯಿಂದ ಅವರ ದನಿ...

"ಗೌಳಿಗರ ಮನ್ಯಾಗ ಈಗ ಕರದ್ರು. ಬೆಚ್ಚಗೈತೆ, ಕುಡೀರಿ."

ಯಜಮಾನರು ಕುಡಿದರು. ಮೀಸೆಗೆ ಬಿಳಿ ನೊರೆ ಹತ್ತಿಸಿಕೊಂಡು, ಕಣ್ಣು ಮುಚ್ಚಿ, ಅರ್ಧ ತಂಬಿಗೆ ಕುಡಿದರು. ಮರುದಿನವೂ ಕುಡಿದರು. ಹತ್ತು ಹನ್ನೊಂದು ದಿನ ಹೀಗೇ ನಡೆಯಿತು. ರೋಗ ಒಂದಿಷ್ಟೂ ಹಿಂದೆ ಸರಿಯಲಿಲ್ಲ. ಆದರೂ ಅಕ್ಕ ಆ ದಿನಗಳಲ್ಲಿ ತಲೆ ಬಾಚಿಕೊಂಡು ಹೂ ಮುಡಿಯುತ್ತಿದ್ದರು.

ಇನ್ನು ನಾನು ಮಾಡಿದ ಕೆಲಸ ಹೇಳಬೇಕು. ನಾನು ಏನನ್ನೂ ಬಿಸಾಡಲಾರದವಳು. ಬಣ್ಣದ ಹಾಳೆ, ದಾರ, ಖಾಲಿ ಡಬ್ಬಿ ಕಂಡರೆ ಎತ್ತಿಡುವ ಚಟ. ಒಂದು ಭಾನುವಾರ ಸ್ನಾನಕ್ಕೆ ನೀರು ಕಾಸಲೆಂದು ಪುರಲೆ ಎಳೆದಾಗ ಆ ಡಬ್ಬಿ ಕೈಗೆ ಬಂತು. ಹೊಸದರಂತೆಯೇ ಇತ್ತು, ಒಳಗೆ ಗ್ಯಾರಂಟಿ ಚೀಟಿಯೂ ಇತ್ತು. ಸುಡಲು ಮನಸ್ಸಾಗಲಿಲ್ಲ. ಹೋಗುವಾಗ ಕೋಣೆಗೆ ಒಯ್ದರಾಯಿತು ಎಂದು ಬಚ್ಚಲ ಗೋಡೆಯ ಗೂಡಿನಲ್ಲಿ, ಸೋಪಿನ ಪಕ್ಕ ಇಟ್ಟೆ. ಸ್ನಾನ ಮುಗಿಸಿ, ಎರಡೂ ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ ಹಿಡಿದು ಹೊರಗೆ ಬಂದೆ. ಡಬ್ಬಿ ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಯಜಮಾನರು ಎಂದಿನಂತೆ ಗೋಡೆ ಹಿಡಿದುಕೊಂಡು ಸ್ನಾನಕ್ಕೆ ಹೋದರು. ನಾನು ಬಸ್ಸಿಗೆ ಹೊರಡಲು ತಲೆ ಬಾಚಿಕೊಳ್ಳುತ್ತ ಕೋಣೆಯ ಬಾಗಿಲಲ್ಲಿದ್ದೆ. ಬಚ್ಚಲಿಂದ ಹೊರಬಂದಾಗ ಅವರ ಕೈಯಲ್ಲಿ ಡಬ್ಬಿ ಇತ್ತು. ಅಕ್ಕ ಹಾಲಿನ ತಂಬಿಗೆ ಹಿಡಿದು, ಬಚ್ಚಲು ಖಾಲಿಯಾಗಲೆಂದು ಹಿತ್ತಲಲ್ಲೇ ನಿಂತಿದ್ದರು, ಇನ್ನೂ ನೊರೆ ಬರಿಸಿ ಸುತ್ತು ಹಾಕಿರಲಿಲ್ಲ. ಯಜಮಾನರು ದನಿ ಏರಿಸಲಿಲ್ಲ.

"ಆಕಳು ಇಲ್ಲ ಅಂತ ನಂಗ ಎರಡನೇ ದಿನಾನೇ ಗೊತ್ತಾತು. ಮೋಟಾರಿನ ಸದ್ದು ಫಿಟ್ಟರಿಗೆ ತಿಳಿಯಲ್ಲೇನು? ನನ್ನ ಸಲುವಾಗಿ ಇಷ್ಟು ದೂರ ಸುತ್ತು ಹಾಕ್ಕೆಂಡು ಬರ್ತೀಯಲ್ಲ ಅಂತ ಕುಡದೆ." ಡಬ್ಬಿಯನ್ನು ಮೊಟ್ಟೆಯ ಬದಿಗೆ ತಿರುಗಿಸಿ ಒಗೆಯುವ ಕಲ್ಲಿನ ಮೇಲಿಟ್ಟರು. "ಇದನ್ನ ಮಾಡಬಾರದಿತ್ತು."

ನಾನು ಮಾತಾಡಬೇಕಿತ್ತು. ತಂದವಳು ನಾನು, ಗೂಡಿನಲ್ಲಿ ಇಟ್ಟವಳು ನಾನು, ಅದಕ್ಕೆ ಮೊಟ್ಟೆ ಸೋಕಿಯೂ ಇಲ್ಲ ಎಂದು ನಾಲ್ಕು ಮಾತು. ಬದಲಿಗೆ ಬಸ್ಸಿಗೆ ತಡವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಚೀಲ ಹೆಗಲಿಗೆ ಹಾಕಿ ಹೊರಟುಬಿಟ್ಟೆ. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಂದಿನಿಂದ ಅವರು ಅಕ್ಕನ ಕೈಯಿಂದ ಏನನ್ನೂ ಮುಟ್ಟಲಿಲ್ಲ. ಶಾಮನೂರಿನಿಂದ ಅವರ ತಂಗಿ ಬಂದು ನಿಂತರು. ತಂಗಿಯ ಕೈಯಿಂದ ಎರಡು ಚಮಚ ನೀರು, ಅಷ್ಟೇ. ಯಾಕೆ ಎಂದು ತಂಗಿಗೂ ಹೇಳಲಿಲ್ಲ, ಹೆಂಡತಿಯ ಮಾನವನ್ನು ಅಷ್ಟು ಮಟ್ಟಿಗೆ ಕಾಯ್ದರು. ಅಕ್ಕ ದಿನಾ ಒಂದು ಲೋಟ ಗಂಜಿ ಹಿಡಿದು ಕೋಣೆಯ ಬಾಗಿಲ ತನಕ ಹೋಗಿ ನಿಲ್ಲುತ್ತಿದ್ದರು. ಮೂರು ವಾರಕ್ಕೆ ಯಜಮಾನರು ಹೋದರು. ಕೊನೆಯ ನೀರನ್ನು ತಂಗಿಯೇ ಹಾಕಿದರು.

ದಿನಕರ್ಮ ಮುಗಿದ ಮೇಲೆ ಅಕ್ಕ ನನ್ನ ಕೋಣೆಗೆ ಬಂದು ಕೂತರು. "ನಾನೇ ಸುಡಲಿಲ್ಲ ತಂಗಿ. ತಲಿ ನೆಟ್ಟಗಿರಲಿಲ್ಲ, ಎಲ್ಲೋ ಇಟ್ಟೀನಿ, ಅವರ ಕೈಗೇ ಸಿಗಂಗ ಇಟ್ಟೀನಿ" ಎಂದರು. ನಾನು, "ಹೋಗ್ಲಿ ಬಿಡ್ರಿ ಅಕ್ಕ" ಎಂದೆ. ಹೌದು, ಅಷ್ಟನ್ನೇ ಹೇಳಿದೆ.

ಎರಡು ವರ್ಷಕ್ಕೆ ಮದುವೆಯಾಗಿ ದಾವಣಗೆರೆಯ ನಿಟ್ಟುವಳ್ಳಿಗೆ ಬಂದೆ. ಆಗಾಗ ಹರಿಹರಕ್ಕೆ ಹೋಗುತ್ತಿದ್ದೆ. ಪ್ರತಿ ಸಲ ಬಸ್ಸಿನಲ್ಲಿ ಕೂತು, ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅಕ್ಕ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರು, ನಾನು ಉಂಡು ಬರುತ್ತಿದ್ದೆ. ಅವರ ಮನೆಯಲ್ಲಿ ಚಹಾಕ್ಕೆ ಹಾಲು ಹಾಕುವುದು ನಿಂತುಹೋಗಿತ್ತು. ಕೇಳುವ ಧೈರ್ಯ ನನಗಿರಲಿಲ್ಲ. ಕ್ರಮೇಣ ಹೋಗುವುದೇ ಕಡಿಮೆಯಾಯಿತು. ಕಳೆದ ನಾಲ್ಕು ವರ್ಷ ಹೋಗಲೇ ಇಲ್ಲ...

ಮಗಳ ಮಿಷನ್ ತಿರುಗಿದ ಮರುದಿನ ಹರಿಹರದ ಬಸ್ಸು ಹತ್ತಿದೆ. ಈ ಸಲ ಕಾಲಿಗೆ ಬಿದ್ದಾದರೂ ಹೇಳುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಬಾಗಿಲು ತೆಗೆದವರು ಶಾಮನೂರಿನ ಅದೇ ತಂಗಿ, ಅಕ್ಕನ ನಾದಿನಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ತಿಳಿಸೋಣವೆಂದರೆ ನನ್ನ ನಂಬರು ಯಾರ ಹತ್ತಿರವೂ ಇರಲಿಲ್ಲವಂತೆ. ನಾನು ಹೊಸ್ತಿಲ ಹತ್ತಿರವೇ ಕೂತೆ. ಅವರು ನೀರು ತಂದುಕೊಟ್ಟು ಎದುರಿಗೆ ಕೂತರು.

"ಕೊನಿ ಕೊನಿಗೆ ಬುದ್ಧಿ ಸ್ಥಿಮಿತ ಇರ್ಲಿಲ್ಲ ನೋಡವ್ವ. ಬಂದೋರ್ನೆಲ್ಲ ಒಂದೇ ಕೇಳೋರು, ಡಬ್ಬಿ ಸುಟ್ರೇನು, ಸುಟ್ಟಿದ್ದು ಖರೇನಾ ಅಂತ. ಸುಟ್ವಿ ಅಂದ್ರೂ ನಂಬ್ತಿರ್ಲಿಲ್ಲ, ಎದ್ದು ಹುಡುಕಾಕೆ ಹೋಗೋರು. ಯಾವ ಡಬ್ಬಿ ಅಂತ ನಮಗ್ಯಾರಿಗೂ ತಿಳೀಲಿಲ್ಲ. ನೀ ಇಲ್ಲೇ ಇದ್ದಾಕಿ. ನಿಂಗೇನರ ಗೊತ್ತೈತೇನು?"

ನಾನು ಲೋಟ ಕೆಳಗಿಟ್ಟೆ. ಇಲ್ಲ, ನನಗೂ ಗೊತ್ತಿಲ್ಲ ಎಂದೆ.