ಮಹದೇವ್ ಆಡಿದ ಮಾತು, ರಾಮಯ್ಯನ ಹೆಸರು

ನಾಯಂಡಹಳ್ಳಿ ಜಂಕ್ಷನ್ನಿನ ಹಿಂದಿನ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುಜರಿ ಗೋಡೌನಿನ ಷಟರ್ ಅರ್ಧ ಎತ್ತಿದ್ದಾರೆ. ಒಳಗೆ ಪ್ಲಾಸ್ಟಿಕ್ ಪುಡಿ ಮಾಡುವ ಯಂತ್ರ ಶುರುವಾದರೆ ಮಾತು ಕೇಳಿಸುವುದಿಲ್ಲ. ಹಾಗಾಗಿ ಪುಟ್ಟಲಕ್ಷ್ಮಿ ಅದಕ್ಕೂ ಮುಂಚೆ ಬಂದು ಟೀ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಬಾಟಲಿ ವಿಂಗಡಿಸುವ ಹೆಂಗಸು. ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರು ಮಾಡುವ ಮೊದಲು ಪುಟ್ಟಲಕ್ಷ್ಮಿ ಕೇಳುತ್ತಾರೆ: "ನಿಮ್ ಹೆಸ್ರೇ ಹಾಕ್ಸೋದಾ, ಬೇರೆ ಹೆಸ್ರು ಇಡೋದಾ?" ಆ ಹೆಂಗಸು ಷಟರ್ ಕಡೆ ಒಮ್ಮೆ ನೋಡಿ, ಬೇರೆಯದೇ ಇರಲಿ ಎನ್ನುತ್ತಾರೆ.

ಮೂಡಲಪಾಳ್ಯದ ಪುಟ್ಟಲಕ್ಷ್ಮಿಯವರದು ಸಂಶೋಧಕರಿಗಾಗಿ ಜನರನ್ನು ಮಾತಾಡಿಸುವ ಕೆಲಸ. ಮೊದಲು ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದರು, ಬೆನ್ನುನೋವು ತಡೆಯಲಾಗದೆ ಬಿಟ್ಟರು. ಈಗ ಬೆಳಿಗ್ಗೆ ಇಬ್ಬರನ್ನೋ ಮೂವರನ್ನೋ ಮಾತಾಡಿಸಿ, ಮಧ್ಯಾಹ್ನವೆಲ್ಲ ಇಯರ್‌ಫೋನ್ ಸಿಕ್ಕಿಸಿಕೊಂಡು, ಆಡಿದ್ದನ್ನು ಆಡಿದ ಹಾಗೇ ಬರೆಯುತ್ತಾರೆ. ಅದೆಲ್ಲ ಪ್ರಬಂಧಗಳಿಗೆ ಹೋಗುತ್ತದೆ. ಅಲ್ಲಿ ವಿದ್ವಾಂಸರ ಮಾತಿನ ಪಕ್ಕದಲ್ಲಿ ಅವರ ಹೆಸರು, ಇಸವಿ, ಪುಟಸಂಖ್ಯೆ ಇರುತ್ತವೆ. ಕೂಲಿಯವರ ಮಾತಿನ ಪಕ್ಕದಲ್ಲಿ ಇರುವುದು ಬದಲಿ ಹೆಸರು. ಮಾತಾಡಿದವರ ಕೆಲಸಕ್ಕೆ ಕುತ್ತು ಬಾರದಿರಲೆಂದು ಮಾಡಿದ ನಿಯಮ ಅದು. ಎಷ್ಟೋ ಜನರನ್ನು ಕಾಪಾಡಿದೆ ಎಂದು ಪುಟ್ಟಲಕ್ಷ್ಮಿಯೇ ಒಪ್ಪುತ್ತಾರೆ.

ಮಹದೇವ್ ಎಂಬವರನ್ನು ಮಾತ್ರ ಆ ನಿಯಮ ಕಾಪಾಡಲಿಲ್ಲ. ಇದೇ ಗಲ್ಲಿಯ ಇನ್ನೊಂದು ಗೋಡೌನಿನಲ್ಲಿ ವರ್ಷಗಟ್ಟಲೆ ಪ್ಲಾಸ್ಟಿಕ್ ಧೂಳು ಕುಡಿದು ಅವರ ಶ್ವಾಸಕೋಶ ಹಾಳಾಗಿತ್ತು. ಸ್ಮೃತಿ ಎಂಬ ಸಂಶೋಧಕಿಗಾಗಿ ಪುಟ್ಟಲಕ್ಷ್ಮಿ ಮಾತಾಡಿಸಿದಾಗ ಅವರು ವಾಕ್ಯಕ್ಕೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಹೆಸರು ಬದಲಿಸಲು ಅವರು ಒಪ್ಪಲಿಲ್ಲ. "ನನ್ ಹೆಸ್ರೇ ಬರೀರಿ ಅಕ್ಕ. ಕೆಲ್ಸ ಹೋಗೋದೇನ್ ಬಂತು, ನಾನೇ ಹೋಗ್ತಾ ಇದೀನಿ."

ಸ್ಮೃತಿ ತಮ್ಮ ಸಂಸ್ಥೆಯಲ್ಲಿ ಇಂಥ ನಿಯಮಗಳನ್ನು ನೋಡಿಕೊಳ್ಳುವ ಸಮಿತಿಯನ್ನು ಕೇಳಿದರು. ಒಬ್ಬರಿಗಾಗಿ ನಿಯಮ ಸಡಿಲಿಸಲಾಗದು ಎಂಬ ಉತ್ತರ ಬಂತು. ಮಹದೇವ್ ಪ್ರಬಂಧದಲ್ಲಿ ರಾಮಯ್ಯನಾದರು. ಕೆಲಸ ಮುಗಿದ ಮೇಲೆ, ಅದೂ ನಿಯಮದಂತೆಯೇ, ಅವರ ದನಿಯ ರೆಕಾರ್ಡಿಂಗನ್ನು ಅಳಿಸಲಾಯಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಹೆಂಡತಿ ವೆಂಕಟಲಕ್ಷ್ಮಮ್ಮ ಗೋಡೌನ್ ಮಾಲೀಕನಿಂದ ಪರಿಹಾರ ಕೇಳಿ ಕೋರ್ಟಿಗೆ ಅರ್ಜಿ ಹಾಕಿದರು. (ಅವರ ಒಪ್ಪಿಗೆಯಿಂದಲೇ ಇಲ್ಲಿ ಮಹದೇವ್ ಹೆಸರು ಬರೆದಿದೆ.) ಆ ಹೆಸರಿನ ಆಳು ತನ್ನಲ್ಲಿ ಇರಲೇ ಇಲ್ಲ ಎಂದುಬಿಟ್ಟ ಮಾಲೀಕ. ಸಾಕ್ಷಿಗೆ ಬರುತ್ತೇನೆಂದ ಒಬ್ಬ ಕೆಲಸಗಾರನನ್ನು ಮರುದಿನವೇ ಹೊರಗಟ್ಟಿದ. ಉಳಿದವರು ಬಾಯಿ ಬಿಡಲಿಲ್ಲ. ಮಹದೇವ್ ಅಲ್ಲಿ ದುಡಿದರೆಂಬುದಕ್ಕೆ ಅಚ್ಚಿನಲ್ಲಿದ್ದ ಗುರುತು ಆ ಪ್ರಬಂಧ ಮಾತ್ರ.

ಪುಟ್ಟಲಕ್ಷ್ಮಿ ಯಾರನ್ನೂ ಕೇಳದೆ ಸಾಕ್ಷಿ ಹೇಳಲು ಹೋದರು. ರಾಮಯ್ಯ ಎಂದರೆ ಮಹದೇವ್, ಮಾತಾಡಿಸಿದವಳು ನಾನೇ ಎಂದರು. ಮಾಲೀಕನ ವಕೀಲರು ಪುಟ ತಿರುವಿ ಕೇಳಿದ್ದು ಇವತ್ತಿಗೂ ಅವರ ಕಿವಿಯಲ್ಲಿದೆ: "ಇಲ್ಲಿ ರಾಮಯ್ಯ ಅಂತಿದೆ. ಗೋಡೌನ್ ಹೆಸರೂ ಇಲ್ಲ. ನಿಮ್ಮ ಮಾತು ಬಿಟ್ರೆ ಇನ್ನೇನಿದೆ ಅಮ್ಮ?" ಇನ್ನೇನೂ ಇರಲಿಲ್ಲ. ಅರ್ಜಿ ಬಿದ್ದುಹೋಯಿತು.

ಗುಟ್ಟು ಬಿಟ್ಟುಕೊಟ್ಟವರೆಂಬ ಮಾತು ಹಬ್ಬಿ, ಆಮೇಲೆ ಬಹಳ ಕಾಲ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಚಂದ್ರಾ ಲೇಔಟಿನ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದರು. ಮತ್ತೆ ಕರೆದವರು ಸ್ಮೃತಿಯೇ. ಈಗ ಕಾಲೇಜಿನಲ್ಲಿ ಪಾಠ ಮಾಡುವ ಅವರು, ಹೆಸರಿನ ಆಯ್ಕೆ ಮಾತಾಡಿದವರದೇ ಆಗಿರಬೇಕೆಂದು ಪಟ್ಟು ಹಿಡಿದು ಹೊಸ ಅಧ್ಯಯನಕ್ಕೆ ಒಪ್ಪಿಗೆ ಪಡೆದಿದ್ದಾರೆ. ಆದರೆ ಈ ಗಲ್ಲಿಯಲ್ಲಿ ಸ್ವಂತ ಹೆಸರು ಕೊಡುವವರು ಈವರೆಗೆ ಒಬ್ಬರೂ ಸಿಕ್ಕಿಲ್ಲ.

ಹಳೆಯ ಪ್ರಬಂಧದ ಒಂದು ಮಾತನ್ನು ಈಗ ಬೇರೆ ಬೇರೆ ಸಂಶೋಧಕರು ಉಲ್ಲೇಖಿಸುತ್ತಿದ್ದಾರೆ: ಉಸಿರೆಳೆದರೆ ಗೋಡೌನೇ ಎದೆಯೊಳಗೆ ಬಂದು ಕೂತ ಹಾಗಾಗುತ್ತದೆ. ಎಲ್ಲರೂ ಬರೆಯುವುದು ರಾಮಯ್ಯ ಎಂದೇ.

"ಅವನು ಅದನ್ ಹೇಳ್ದಾಗ ಎದುರಿಗಿದ್ದೋಳು ನಾನೊಬ್ಳೇ," ಎನ್ನುತ್ತಾರೆ ಪುಟ್ಟಲಕ್ಷ್ಮಿ. "ಮಹದೇವ್ ಹೇಳಿದ್ದು ಅಂತ ಯಾರಾದ್ರೂ ಒಬ್ರು ಬರೆದ್ರೆ ಸಾಕು."